ಒಂದೇ ಕಂಪ್ಯೂಟರಿನಲ್ಲಿ ಹಲವು ಗ್ರಾಫಿಕ್ಸ್ ಕಾರ್ಡುಗಳು: ವಿದ್ಯುತ್ ಪೂರೈಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೆಯ ಕಾರ್ಡು ಕೊಂಡವರು ಮೊದಲು ಕೇಳುವುದು "ಎಷ್ಟು ವಾಟ್ ಬೇಕು?" ಎಂದು. ಕನೆಕ್ಟರ್ ಸುಟ್ಟುಕೊಂಡವರು ಕೇಳುವುದು "ಇಷ್ಟೊಂದು ವಾಟ್ ಇದ್ದರೂ ಹೀಗೇಕಾಯಿತು?" ಎಂದು. ಈ ಎರಡು ಪ್ರಶ್ನೆಗಳ ನಡುವೆ ಇರುವುದು ತಂತಿ, ಪಿನ್ನು ಮತ್ತು ಸ್ಲಾಟು. ಡಬ್ಬದ ಮೇಲಿನ ಅಂಕಿಗಿಂತ ಕರೆಂಟು ಯಾವ ದಾರಿಯಲ್ಲಿ ಬರುತ್ತದೆ ಎಂಬುದೇ ನನಗೆ ಮುಖ್ಯವಾಗಿ ಕಾಣುತ್ತದೆ. ಕೆಳಗಿನ ಉತ್ತರಗಳಲ್ಲಿ ಆ ಪಕ್ಷಪಾತ ಎದ್ದು ಕಂಡರೆ ಅದು ಉದ್ದೇಶಪೂರ್ವಕ.

## ಕೊಳ್ಳುವ ಮುಂಚೆ

ಎರಡು ಕಾರ್ಡುಗಳಿಗೆ ಎಷ್ಟು ವಾಟ್‌ನ ಪವರ್ ಸಪ್ಲೈ ತೆಗೆದುಕೊಳ್ಳಲಿ?

ಕಾರ್ಡಿನ ಹೆಸರು ಹೇಳದೆ ಈ ಪ್ರಶ್ನೆಗೆ ಉತ್ತರವಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ 3060 ಆದರೆ ಒಂದಕ್ಕೆ 170 ವಾಟ್, 3090 ಆದರೆ 350, 4090 ಆದರೆ 450, 5090 ಆದರೆ 575. ಇವು ತಯಾರಕರೇ ಕೊಟ್ಟ ಅಂಕಿಗಳು. ಕಾರ್ಖಾನೆಯಲ್ಲೇ ವೇಗ ಹೆಚ್ಚಿಸಿ ಮಾರುವ ಮಾದರಿಗಳು ಇದಕ್ಕಿಂತ ಹೆಚ್ಚು ಎಳೆಯುತ್ತವೆ.

ಎರಡು 3090 ಇಟ್ಟುಕೊಂಡು ಲೆಕ್ಕ ಹಾಕೋಣ. ಕಾರ್ಡುಗಳಿಗೆ 700 ವಾಟ್. ಪ್ರೊಸೆಸರಿಗೆ 200 ಎಂದಿಟ್ಟುಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ ಬೇಕು: 125 ವಾಟ್ ಎಂಬ ಗುರುತಿನ ಇಂಟೆಲ್ ಕೋರ್ ಐ9-13900ಕೆ ಪೂರ್ತಿ ಓಡುವಾಗ 253 ವಾಟ್‌ವರೆಗೆ ಹೋಗಬಹುದೆಂದು ತಯಾರಕರೇ ಹೇಳಿದ್ದಾರೆ. ನಿಮ್ಮ ಪ್ರೊಸೆಸರಿಗೂ ಇಂಥ ಎರಡು ಅಂಕಿಗಳಿದ್ದರೆ 200ರ ಬದಲು ಆ ದೊಡ್ಡ ಅಂಕಿಯನ್ನೇ ನಂಬಿ. ಮದರ್‌ಬೋರ್ಡು, ಮೆಮೊರಿ, ಡಿಸ್ಕು, ಫ್ಯಾನುಗಳಿಗೆ ಇನ್ನೊಂದು 75. ಒಟ್ಟು 975. ಇದರ ಮೇಲೆ ಕಾಲು ಭಾಗದಷ್ಟು ಉಸಿರಾಡುವ ಜಾಗ ಬಿಟ್ಟರೆ 1200ರಿಂದ 1300 ವಾಟ್ ಆಗುತ್ತದೆ. ಆ ಕಾಲು ಭಾಗ ಭಯದ ಪಾಲಲ್ಲ. ಕಾರ್ಡುಗಳ ಎಳೆತ ಕ್ಷಣ ಕ್ಷಣಕ್ಕೂ ಜಿಗಿಯುತ್ತದೆ, ಅದರ ಕಥೆ ಕೊನೆಯ ಭಾಗದಲ್ಲಿದೆ.

ಮನೆಯಲ್ಲಿ ಹಳೆಯ 750 ವಾಟ್‌ನದು ಇದೆ, ಅದರಲ್ಲೇ ಸುಧಾರಿಸಬಹುದೇ?

ಎರಡು 3060ಗೆ ಧಾರಾಳವಾಗಿ ಸಾಕು. ಎರಡು 3090ಗೆ ಅದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ.

ಹಳೆಯದಾದರೆ ಪಕ್ಕದ ಚೀಟಿಯನ್ನು ಓದಿ. ಕಾರ್ಡುಗಳಿಗೆ ಬೇಕಿರುವುದು 12 ವೋಲ್ಟ್. ಆ ಸಾಲಿನಲ್ಲಿರುವ ಆಂಪಿಯರನ್ನು 12ರಿಂದ ಗುಣಿಸಿ. 62 ಆಂಪಿಯರ್ ಇದ್ದರೆ 744 ವಾಟ್, ಹೆಸರಿಗೆ ತಕ್ಕಂತೆಯೇ ಇದೆ. 45 ಎಂದಿದ್ದರೆ 540 ಮಾತ್ರ. ಉಳಿದ ವಾಟ್‌ಗಳನ್ನು ನಿಮಗೆ ಬೇಕಿಲ್ಲದ 5 ಮತ್ತು 3.3 ವೋಲ್ಟ್‌ಗಳಿಗೆ ಹಂಚಿ ದೊಡ್ಡ ಅಂಕಿ ಮಾಡಲಾಗಿದೆ ಎಂದು ತಿಳಿಯಿರಿ.

ಗೋಲ್ಡ್, ಪ್ಲಾಟಿನಂ ಮುದ್ರೆ ಇದ್ದರೆ ಹೆಚ್ಚು ಶಕ್ತಿ ಕೊಡುತ್ತದೆಯೇ?

ಇಲ್ಲ. 80 ಪ್ಲಸ್ ಮುದ್ರೆ ಹೇಳುವುದು ದಕ್ಷತೆಯನ್ನು, ಅಂದರೆ ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಭಾಗ ಶಾಖವಾಗಿ ಪೋಲಾಗುತ್ತದೆ ಎಂಬುದನ್ನು. 1000 ವಾಟ್ ಕೊಡುವ ಸಪ್ಲೈ ಶೇಕಡಾ 90 ದಕ್ಷತೆಯದಾದರೆ ಗೋಡೆಯಿಂದ ಸುಮಾರು 1111 ವಾಟ್ ಎಳೆಯುತ್ತದೆ. ಕಂಪ್ಯೂಟರಿನೊಳಗೆ ಸಿಗುವುದು ಆ 1000 ವಾಟ್, ಅದನ್ನು ದಕ್ಷತೆಯಿಂದ ಮತ್ತೆ ಕಡಿತ ಮಾಡಿ ಲೆಕ್ಕ ಹಾಕುವುದು ತಪ್ಪು. ತಂತಿಯ ದಪ್ಪ, ರಕ್ಷಣಾ ವ್ಯವಸ್ಥೆ, ಕೆಪಾಸಿಟರಿನ ಗುಣಮಟ್ಟ ಇವಾವುದನ್ನೂ ಆ ಮುದ್ರೆ ಹೇಳುವುದಿಲ್ಲ.

ಗೋಡೆಯ ಪ್ಲಗ್ಗು ಇಷ್ಟನ್ನು ತಾಳಿಕೊಳ್ಳುತ್ತದೆಯೇ?

ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಗೊತ್ತಾಗುತ್ತದೆ. 230 ವೋಲ್ಟ್‌ನಲ್ಲಿ 6 ಆಂಪಿಯರಿನ ಸಾಕೆಟ್ಟಿಗೆ 1380 ವಾಟ್ ಎಲ್ಲೆ. 120 ವೋಲ್ಟ್‌ನಲ್ಲಿ 15 ಆಂಪಿಯರಿನ ಸರ್ಕ್ಯೂಟಿಗೆ 1800. ಆದರೆ ಗಂಟೆಗಟ್ಟಲೆ ಓಡುವ ಹೊರೆಗೆ ಎಲ್ಲೆಯ ಶೇಕಡಾ 80ನ್ನು ಮೀರದಿರುವುದು ಒಳ್ಳೆಯದು. ಅದೇ ಸರ್ಕ್ಯೂಟಿನಲ್ಲಿ ಹೀಟರೋ ಇಸ್ತ್ರಿಪೆಟ್ಟಿಗೆಯೋ ಇದ್ದರೆ ಅದನ್ನೂ ಕೂಡಿಸಿ. 1500 ವಾಟ್‌ಗಿಂತ ದೊಡ್ಡ ಸಪ್ಲೈಗಳಲ್ಲಿ ಹಲವು 200 ವೋಲ್ಟ್‌ಗಿಂತ ಮೇಲೆ ಮಾತ್ರ ಪೂರ್ತಿ ಶಕ್ತಿ ಕೊಡುತ್ತವೆ. ಇದು ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ.

## ಕೇಬಲ್, ಪಿನ್ನು, ಕನೆಕ್ಟರ್

ಕಾರ್ಡಿಗೆ ವಿದ್ಯುತ್ ಎಲ್ಲೆಲ್ಲಿಂದ ಬರುತ್ತದೆ?

ಎರಡು ದಾರಿಗಳಿವೆ. ಒಂದು ಮದರ್‌ಬೋರ್ಡಿನ ಸ್ಲಾಟು. ಉದ್ದನೆಯ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಗ್ರಾಫಿಕ್ಸ್ ಕಾರ್ಡಿಗೆ ಒಟ್ಟು 75 ವಾಟ್ ಕೊಡಬಹುದು, ಅದರಲ್ಲಿ 12 ವೋಲ್ಟ್‌ನ ಪಾಲು 5.5 ಆಂಪಿಯರ್, ಅಂದರೆ 66 ವಾಟ್. ಇನ್ನೊಂದು, ಪವರ್ ಸಪ್ಲೈಯಿಂದ ನೇರವಾಗಿ ಬರುವ ಕೇಬಲ್. 6 ಪಿನ್ನಿನದಕ್ಕೆ 75 ವಾಟ್, 8 ಪಿನ್ನಿನದಕ್ಕೆ 150, ಹೊಸ 16 ಪಿನ್ನಿನದಕ್ಕೆ 600.

8 ಪಿನ್ನಿನದರಲ್ಲಿ 12 ವೋಲ್ಟ್ ಹೊರುವ ಪಿನ್ನುಗಳು ಮೂರೇ. 6 ಪಿನ್ನಿನದಕ್ಕಿಂತ ಹೆಚ್ಚಿಗೆ ಬಂದ ಎರಡು ಪಿನ್ನುಗಳು ನೆಲದ ತಂತಿಗೆ (ಕರೆಂಟು ಮರಳುವ ಗ್ರೌಂಡ್ ತಂತಿ) ಸೇರಿದವು, "ಇಲ್ಲಿ ದೊಡ್ಡ ಕೇಬಲ್ ಇದೆ" ಎಂದು ಕಾರ್ಡಿಗೆ ಸುದ್ದಿ ಮುಟ್ಟಿಸುವುದೇ ಅವುಗಳ ಮುಖ್ಯ ಕೆಲಸ. ಈ ಸುದ್ದಿ ಸುಳ್ಳಾದರೂ ಕಾರ್ಡು ನಂಬುತ್ತದೆ. 6ರಿಂದ 8 ಪಿನ್ನಿಗೆ ಬದಲಿಸುವ ಅಗ್ಗದ ಅಡಾಪ್ಟರುಗಳು ಮಾಡುವುದು ಇದನ್ನೇ. ತಂತಿ ಹಳೆಯದೇ ಇರುತ್ತದೆ, ಭರವಸೆ ಮಾತ್ರ ಇಮ್ಮಡಿಯಾಗುತ್ತದೆ.

ಒಂದೇ ಕೇಬಲ್ಲಿನ ತುದಿಯಲ್ಲಿ ಎರಡು 8 ಪಿನ್ ತಲೆಗಳಿವೆ. ಎರಡನ್ನೂ ಒಂದೇ ಕಾರ್ಡಿಗೆ ಸಿಕ್ಕಿಸಬಹುದೇ?

ಸಿಕ್ಕಿಸಬಹುದು, ಬಹಳ ಜನ ಸಿಕ್ಕಿಸಿಯೂ ಇದ್ದಾರೆ. 200 ವಾಟ್ ಆಸುಪಾಸಿನ ಕಾರ್ಡಿಗೆ ಏನೂ ಆಗುವುದಿಲ್ಲ. ಆದರೆ ಎರಡೂ ತಲೆಗಳು ತಮ್ಮ ಪೂರ್ತಿ ಪಾಲು ಎಳೆದರೆ 300 ವಾಟ್, ಅಂದರೆ 25 ಆಂಪಿಯರ್. ಪವರ್ ಸಪ್ಲೈಯ ತುದಿಯಲ್ಲಿ ಅದನ್ನು ಹೊರಬೇಕಾದವು ಮೂರು ತಂತಿಗಳು. ತಲಾ 8.3 ಆಂಪಿಯರ್. ಹೊಸ ಪಿನ್ನು, 16 ಗೇಜಿನ ದಪ್ಪ ತಂತಿ ಆದರೆ ತಾಳಿಕೊಳ್ಳುತ್ತದೆ. ಹತ್ತಾರು ಸಲ ತೆಗೆದು ಹಾಕಿ ಸಡಿಲವಾದ ಪಿನ್ನು, 18 ಗೇಜಿನ ತೆಳು ತಂತಿ ಆದರೆ ಅಂಚಿನಲ್ಲಿ ನಡೆದಂತೆ. ಗೇಜಿನ ಅಂಕಿ ಚಿಕ್ಕದಾದಷ್ಟೂ ತಂತಿ ದಪ್ಪ, ಇದು ಹೊಸಬರನ್ನು ತಲೆಕೆಳಗು ಮಾಡುವ ವಿಷಯ.

ಸಡಿಲ ಪಿನ್ನು ಯಾಕೆ ಅಷ್ಟು ಕೆಟ್ಟದ್ದು? ಶಾಖವು ಕರೆಂಟಿನ ವರ್ಗದ ಪ್ರಮಾಣದಲ್ಲಿ ಏರುತ್ತದೆ, ಸಂಪರ್ಕದ ರೋಧದ ಪ್ರಮಾಣದಲ್ಲೂ ಏರುತ್ತದೆ. 8.3 ಆಂಪಿಯರ್ ಹರಿಯುವ ಪಿನ್ನಿನ ಸಂಪರ್ಕದಲ್ಲಿ 10 ಮಿಲಿಓಮ್ ರೋಧವಿದ್ದರೆ ಅಲ್ಲಿ 0.7 ವಾಟ್ ಶಾಖ ಹುಟ್ಟುತ್ತದೆ. ತುಕ್ಕೋ ಸಡಿಲವೋ ಸೇರಿ ರೋಧ 50 ಮಿಲಿಓಮ್ ಆದರೆ 3.4 ವಾಟ್. ಅಕ್ಕಿಕಾಳಿನಷ್ಟು ಲೋಹದಲ್ಲಿ, ಪ್ಲಾಸ್ಟಿಕ್ಕಿನ ಗೂಡಿನೊಳಗೆ, ಗಾಳಿ ಸುಳಿಯದ ಕಡೆ 3.4 ವಾಟ್ ಎಂದರೆ ಕರಗುವುದಕ್ಕೆ ಸಾಕು. ಬಿಸಿಯಾದ ಪಿನ್ನಿನ ಹಿಡಿತ ಇನ್ನೂ ಸಡಿಲವಾಗುತ್ತದೆ, ರೋಧ ಇನ್ನೂ ಏರುತ್ತದೆ.

ಆದ್ದರಿಂದ ನನ್ನ ರೂಢಿ ಹೀಗಿದೆ: 250 ವಾಟ್ ದಾಟುವ ಕಾರ್ಡಿನ ಪ್ರತಿ 8 ಪಿನ್ ಬಾಯಿಗೂ ಪ್ರತ್ಯೇಕ ಕೇಬಲ್. ಜೋತಾಡುವ ಎರಡನೆಯ ತಲೆಯನ್ನು ಮಡಚಿ ಕಟ್ಟಿಬಿಡಿ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ.

ಬೇರೊಂದು ಪವರ್ ಸಪ್ಲೈಯ ಕೇಬಲ್ ಸರಿಯಾಗಿ ಕೂರುತ್ತದೆ. ಬಳಸಬಹುದೇ?

ಬೇಡ. ಕಾರ್ಡಿನ ಕಡೆಯ ತುದಿಗೆ ಮಾನಕವಿದೆ, ಪವರ್ ಸಪ್ಲೈ ಕಡೆಯ ತುದಿಗೆ ಇಲ್ಲ. ಒಬ್ಬರು 12 ವೋಲ್ಟ್ ಇಟ್ಟ ಜಾಗದಲ್ಲಿ ಇನ್ನೊಬ್ಬರು ನೆಲದ ತಂತಿ ಇಟ್ಟಿರಬಹುದು. ಒಂದೇ ಕಂಪನಿಯ ಎರಡು ಸರಣಿಗಳಲ್ಲೂ ಹೀಗಾಗಬಹುದು. ಕೂರುತ್ತದೆ ಎಂಬುದು ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಎರಡು ಪವರ್ ಸಪ್ಲೈ ಇರುವ ಮನೆಯಲ್ಲಿ ಕೇಬಲ್‌ಗಳಿಗೆ ಬಣ್ಣದ ಟೇಪು ಸುತ್ತಿ ಗುರುತು ಮಾಡಿಡಿ.

ಪ್ರೊಸೆಸರಿನ 8 ಪಿನ್ ಕೇಬಲ್ಲಿನ ವಿಷಯವೂ ಹೀಗೆಯೇ. ಅದರಲ್ಲಿ ನಾಲ್ಕು 12 ವೋಲ್ಟ್, ನಾಲ್ಕು ನೆಲ, ಅದೂ ಕಾರ್ಡಿನದಕ್ಕೆ ತಿರುವುಮುರುವಾಗಿ. ಗೂಡುಗಳ ಆಕಾರ ಬೇರೆ ಇರುವುದರಿಂದ ಸುಲಭವಾಗಿ ಹೋಗುವುದಿಲ್ಲ, ಆದರೆ ಜೋರು ಮಾಡಿ ತುರುಕುವವರಿಗೆ ಆಕಾರ ಲೆಕ್ಕಕ್ಕಿಲ್ಲ.

ಹೊಸ 16 ಪಿನ್ ಕನೆಕ್ಟರ್ ಕರಗುತ್ತದೆ ಎನ್ನುತ್ತಾರೆ, ನಿಜವೇ?

2022ರಲ್ಲಿ 4090 ಕಾರ್ಡುಗಳಲ್ಲಿ ಕರಗಿದ್ದು ನಿಜ. 12ವಿಎಚ್‌ಪಿಡಬ್ಲ್ಯುಆರ್ ಎಂಬ ಈ ಕನೆಕ್ಟರಿನಲ್ಲಿ 600 ವಾಟ್, ಅಂದರೆ 50 ಆಂಪಿಯರ್, ಆರು ಪಿನ್ನುಗಳ ಮೂಲಕ ಹೋಗಬೇಕು. ಇಲ್ಲೂ ತಲಾ 8.3 ಆಂಪಿಯರೇ, ಆದರೆ ಪಿನ್ನುಗಳು ಹಳೆಯವುಗಳಿಗಿಂತ ಚಿಕ್ಕವು, ಮಿತಿಗೆ ಮುಂಚೆ ಉಳಿಯುವ ಅಂತರವೂ ಕಡಿಮೆ. ಒಂದು ಪಿನ್ನು ಸರಿಯಾಗಿ ತಾಗದಿದ್ದರೆ ಅದರ ಪಾಲು ಉಳಿದ ಐದರ ಮೇಲೆ ಬೀಳುತ್ತದೆ. 2023ರ ಪರಿಷ್ಕೃತ ರೂಪ 12ವಿ-2×6ನಲ್ಲಿ ಸುದ್ದಿ ಮುಟ್ಟಿಸುವ ಪುಟ್ಟ ಪಿನ್ನುಗಳನ್ನು ಗಿಡ್ಡ ಮಾಡಿದರು, ಅರ್ಧಂಬರ್ಧ ಕೂತರೆ ಕಾರ್ಡು ಕೆಲಸವನ್ನೇ ಶುರುಮಾಡಬಾರದೆಂದು.

ಕೊನೆಯವರೆಗೆ ಒತ್ತಿ, ಸಂದು ಕಾಣದಂತೆ ಕೂರಿಸಿ. ಕನೆಕ್ಟರಿನಿಂದ ಮೂರು ನಾಲ್ಕು ಸೆಂಟಿಮೀಟರ್‌ವರೆಗೆ ತಂತಿಯನ್ನು ಬಾಗಿಸಬೇಡಿ. ಕಾರ್ಡುಗಳು ಒತ್ತೊತ್ತಾಗಿರುವ ಪೆಟ್ಟಿಗೆಯಲ್ಲಿ ಪಕ್ಕದ ಬಾಗಿಲು ಕೇಬಲನ್ನು ಅದುಮುತ್ತಿದ್ದರೆ ಬಾಗಿಲು ತೆಗೆದಿಡಿ.

ರೈಸರಿನ (ಕಾರ್ಡನ್ನು ಸ್ಲಾಟಿನಿಂದ ದೂರ ಕೂರಿಸುವ ಜೋಡಣೆ) ಜೊತೆ ಸಾಟಾ ಅಡಾಪ್ಟರ್ ಕೊಟ್ಟಿದ್ದಾರೆ. ಕೊಟ್ಟಿದ್ದಾರೆಂದರೆ ಬಳಸಬಹುದು ತಾನೇ?

ಕಸದ ಬುಟ್ಟಿಗೆ ಹಾಕಿ. ಡಿಸ್ಕುಗಳಿಗೆಂದು ಮಾಡಿದ ಸಾಟಾ ಕನೆಕ್ಟರಿನಲ್ಲಿ 12 ವೋಲ್ಟ್‌ಗೆ ಮೂರು ಪಿನ್ನು, ತಲಾ 1.5 ಆಂಪಿಯರ್, ಒಟ್ಟು 54 ವಾಟ್. ರೈಸರಿನ ಮೇಲೆ ಕೂತ ಕಾರ್ಡು ಸ್ಲಾಟಿನ ಪಾಲೆಂದು 66 ವಾಟ್ ಕೇಳುವ ಹಕ್ಕುಳ್ಳದ್ದು. ಕ್ರಿಪ್ಟೋ ಗಣಿಗಾರಿಕೆಯ ಭರಾಟೆಯ ಕಾಲದಲ್ಲಿ ಸುಟ್ಟ ಕನೆಕ್ಟರುಗಳಲ್ಲಿ ಇವುಗಳ ಪಾಲು ದೊಡ್ಡದು. 6 ಪಿನ್ನಿನ ಬಾಯಿ ಇರುವ ರೈಸರನ್ನೇ ಕೊಳ್ಳಿ.

## ಮೂರನೆಯ ಕಾರ್ಡಿನಿಂದ ಆಚೆಗೆ

ನಾಲ್ಕು ಕಾರ್ಡು ಹಾಕಿದ ಮೇಲೆ ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್ ಹಳದಿಗಟ್ಟಿದೆ, ಯಾಕೆ?

ಕಾರ್ಡುಗಳು ಸ್ಲಾಟಿನಿಂದ ಎಳೆಯುವ ವಿದ್ಯುತ್ ಎಲ್ಲಿಂದ ಬರುತ್ತದೆ ಎಂದು ಹೆಚ್ಚಿನವರು ಯೋಚಿಸುವುದೇ ಇಲ್ಲ. ಅದು ಬರುವುದು ಆ 24 ಪಿನ್ನಿನ ಕೇಬಲ್ಲಿನಿಂದ, ಮತ್ತು ಅದರಲ್ಲಿ 12 ವೋಲ್ಟ್‌ಗೆ ಇರುವುದು 10 ಮತ್ತು 11ನೆಯ ಪಿನ್ನುಗಳೆರಡೇ. ನಾಲ್ಕು ಕಾರ್ಡುಗಳು ತಲಾ 66 ವಾಟ್ ಎಳೆದರೆ 264 ವಾಟ್, ಅಂದರೆ 22 ಆಂಪಿಯರ್. ಪ್ರತಿ ಪಿನ್ನಿಗೆ 11. ಫ್ಯಾನುಗಳ ಹೊರೆ ಬೇರೆ. ಹಳದಿಗಟ್ಟುವುದು ಮೊದಲ ಎಚ್ಚರಿಕೆ, ಕಂದು ಎರಡನೆಯದು, ಮೂರನೆಯದಕ್ಕೆ ವಾಸನೆ ಇರುತ್ತದೆ.

ಎಲ್ಲ ಕಾರ್ಡುಗಳೂ ಸ್ಲಾಟಿನಿಂದ ಪೂರ್ತಿ 66 ಎಳೆಯುವುದಿಲ್ಲ. ದೊಡ್ಡ ಕಾರ್ಡುಗಳಲ್ಲಿ ಹಲವು ಕೇಬಲ್ಲಿನಿಂದಲೇ ಹೆಚ್ಚು ಪಡೆಯುತ್ತವೆ. ಕೆಲವು ಅತಿಯಾಗಿಯೂ ಎಳೆದದ್ದುಂಟು: 2016ರಲ್ಲಿ ಎಎಮ್‌ಡಿಯ ಆರ್‌ಎಕ್ಸ್ 480 ಸ್ಲಾಟಿನ ಮಿತಿ ಮೀರುತ್ತಿದೆ ಎಂದು ಅಳತೆಗಳಲ್ಲಿ ಕಂಡುಬಂದು, ಹೊರೆಯನ್ನು ಬೇರೆಡೆಗೆ ಹಂಚುವ ಡ್ರೈವರನ್ನು ಕಂಪನಿ ಹೊರತಂದಿತು.

ಪರಿಹಾರಗಳು ಎರಡು. ಬಹುಕಾರ್ಡಿಗೆಂದೇ ಮಾಡಿದ ಮದರ್‌ಬೋರ್ಡುಗಳಲ್ಲಿ ಸ್ಲಾಟುಗಳ ಹತ್ತಿರ ಹೆಚ್ಚುವರಿ 6 ಪಿನ್ ಅಥವಾ ಮೋಲೆಕ್ಸ್ (ಹಳೆಯ 4 ಪಿನ್ನಿನ) ಬಾಯಿ ಇರುತ್ತದೆ. ಅದು ಅಲಂಕಾರಕ್ಕಲ್ಲ, ಕೇಬಲ್ ಕೊಡಿ. ಅದಿಲ್ಲದಿದ್ದರೆ ಮೂರನೆಯ ಕಾರ್ಡಿನಿಂದಾಚೆಗೆ ಪ್ರತ್ಯೇಕ ವಿದ್ಯುತ್ ಪಡೆಯುವ ರೈಸರ್ ಬಳಸಿ. ಹಳದಿಗಟ್ಟಿದ ಕನೆಕ್ಟರನ್ನು ಮಾತ್ರ ಮತ್ತೆ ಬಳಸಬೇಡಿ, ಹೊಸ ಕೇಬಲ್ ಹಾಕಿದರೂ ಬೋರ್ಡಿನ ಕಡೆಯ ಪಿನ್ನು ಹಳೆಯದೇ.

ಒಂದೇ ದೊಡ್ಡದರ ಬದಲು ಎರಡು ಪವರ್ ಸಪ್ಲೈ ಜೋಡಿಸಬಹುದೇ?

ಜೋಡಿಸಬಹುದು, ಆದರೆ ಶಿಸ್ತು ಬೇಕು. 24 ಪಿನ್ನಿನ ಕೇಬಲ್ಲಿನಲ್ಲಿರುವ ಹಸಿರು ತಂತಿ, 16ನೆಯ ಪಿನ್ನು, ನೆಲಕ್ಕೆ ತಾಗಿದಾಗ ಪವರ್ ಸಪ್ಲೈ ಏಳುತ್ತದೆ. ಪೇಪರ್ ಕ್ಲಿಪ್ ಸಿಕ್ಕಿಸಿ ಎರಡನೆಯದನ್ನು ಎಬ್ಬಿಸುವ ಸಾಹಸದ ಬದಲು, ಮೊದಲನೆಯದು ಎದ್ದ ಕೂಡಲೇ ಎರಡನೆಯದನ್ನೂ ಎಬ್ಬಿಸುವ ಚಿಕ್ಕ ರಿಲೇ ಬೋರ್ಡು ಕೊಳ್ಳಿ. ಎರಡೂ ಒಟ್ಟಿಗೆ ಏಳಬೇಕು, ಒಟ್ಟಿಗೆ ಮಲಗಬೇಕು. ಎರಡನೆಯದು ಎದ್ದಿದ್ದು ಮೊದಲನೆಯದು ಮಲಗಿದ್ದರೆ ಕಾರ್ಡುಗಳ ಮೂಲಕ ಮದರ್‌ಬೋರ್ಡಿಗೆ ಹಿಮ್ಮುಖವಾಗಿ ವಿದ್ಯುತ್ ನುಸುಳಬಹುದು.

ಎರಡರ 12 ವೋಲ್ಟ್ ತಂತಿಗಳನ್ನು ಎಂದೂ ಒಂದಕ್ಕೊಂದು ಸೇರಿಸಬೇಡಿ. ಎರಡರ ವೋಲ್ಟೇಜು ಎಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರುವುದಿಲ್ಲ, ಹೆಚ್ಚಿರುವುದು ಇನ್ನೊಂದರ ಹೊರೆಯನ್ನೂ ಹೊರಲು ಹೋಗುತ್ತದೆ. ನೆಲದ ತಂತಿಗಳು ಮಾತ್ರ ಒಂದಾಗಿರಲೇಬೇಕು. ಎರಡನ್ನೂ ಒಂದೇ ಗೋಡೆಯ ಸರ್ಕ್ಯೂಟಿನಿಂದ, ಒಳ್ಳೆಯ ಅರ್ಥಿಂಗ್ ಇರುವ ಕಡೆಯಿಂದ ತೆಗೆದುಕೊಳ್ಳಿ.

ಹಂಚಿಕೆಯ ನಿಯಮ ಸರಳ. ಮದರ್‌ಬೋರ್ಡು, ಪ್ರೊಸೆಸರು, ಡಿಸ್ಕು ಮೊದಲನೆಯದಕ್ಕೆ. ಒಂದು ಕಾರ್ಡಿನ ಎಲ್ಲ ಕೇಬಲ್‌ಗಳೂ ಒಂದೇ ಪವರ್ ಸಪ್ಲೈಯಿಂದ. ಕಾರ್ಡು ರೈಸರಿನ ಮೇಲಿದ್ದರೆ ಆ ರೈಸರೂ ಅದೇ ಪವರ್ ಸಪ್ಲೈಯಿಂದ.

ಹಳೆಯ ಸರ್ವರಿನ ಪವರ್ ಸಪ್ಲೈ ಅಗ್ಗಕ್ಕೆ ಸಿಗುತ್ತದೆ. ಹೇಗೆ?

ಗಟ್ಟಿಮುಟ್ಟು, 12 ವೋಲ್ಟ್ ಮಾತ್ರ ಕೊಡುತ್ತದೆ, 6 ಪಿನ್ ಬಾಯಿಗಳ ಚಿಕ್ಕ ಬೋರ್ಡೊಂದನ್ನು ಸೇರಿಸಿದರೆ ರೈಸರು ಮತ್ತು ಕಾರ್ಡುಗಳಿಗೆ ಚೆನ್ನಾಗಿ ಒದಗುತ್ತದೆ. ಆದರೆ ಅದರ ಹೆಬ್ಬೆರಳಿನಷ್ಟು ಫ್ಯಾನಿನ ಚೀರಾಟವನ್ನು ಮಲಗುವ ಕೋಣೆಯಲ್ಲಿ ಯಾರೂ ಒಂದು ರಾತ್ರಿಗಿಂತ ಹೆಚ್ಚು ಸಹಿಸಿದ್ದಿಲ್ಲ.

ಸಿಂಗಲ್ ರೈಲ್ ಒಳ್ಳೆಯದೋ, ಮಲ್ಟಿ ರೈಲ್ ಒಳ್ಳೆಯದೋ?

ರೈಲ್ ಎಂದರೆ ಒಂದೇ ರಕ್ಷಣೆಯ ಕೆಳಗೆ ಬರುವ 12 ವೋಲ್ಟ್ ಬಾಯಿಗಳ ಗುಂಪು. ಸಿಂಗಲ್ ರೈಲಿನಲ್ಲಿ 1200 ವಾಟ್ ಎಂದರೆ 100 ಆಂಪಿಯರೂ ಯಾವ ಕೇಬಲ್ಲಿಗೆ ಬೇಕಾದರೂ ಹೋಗಬಹುದು. ಅನುಕೂಲ ನಿಜ, ಆದರೆ ಒಂದು ಕೇಬಲ್ ಅರೆಬರೆ ಶಾರ್ಟ್ ಆದಾಗ ರಕ್ಷಣೆ ಎಚ್ಚರಗೊಳ್ಳುವ ಹೊತ್ತಿಗೆ ತಂತಿ ಬೆಂದಿರುತ್ತದೆ. ಮಲ್ಟಿ ರೈಲಿನಲ್ಲಿ ಪ್ರತಿ ಗುಂಪಿಗೂ ಪ್ರತ್ಯೇಕ ಕಾವಲುಗಾರನಿರುತ್ತಾನೆ. ನಾನು ಮಲ್ಟಿ ರೈಲಿನ ಪಕ್ಷ. ಯಾವ ಬಾಯಿ ಯಾವ ರೈಲಿಗೆ ಸೇರಿದೆ ಎಂದು ಕೈಪಿಡಿ ನೋಡಿ ಕಾರ್ಡುಗಳನ್ನು ಹಂಚುವ ತಾಳ್ಮೆ ಮಾತ್ರ ಬೇಕು. ಎರಡು ದೊಡ್ಡ ಕಾರ್ಡುಗಳನ್ನು ಒಂದೇ ರೈಲಿಗೆ ಕಟ್ಟಿ "ಈ ಪವರ್ ಸಪ್ಲೈ ಕೆಟ್ಟದ್ದು" ಎಂದು ದೂರುವವರು ಕಡಿಮೆಯಿಲ್ಲ.

## ತೊಂದರೆ ಬಂದಾಗ, ಮತ್ತು ಆಳಕ್ಕೆ ಹೋದಾಗ

ಮೀಟರಿನಲ್ಲಿ 800 ವಾಟ್ ಕೂಡ ದಾಟುವುದಿಲ್ಲ, ಆದರೂ 1000 ವಾಟ್‌ನ ಪವರ್ ಸಪ್ಲೈ ಇದ್ದಕ್ಕಿದ್ದಂತೆ ಆರಿಹೋಗುತ್ತದೆ!

ಮೀಟರು ತೋರಿಸುವುದು ಸರಾಸರಿಯನ್ನು. ಕಾರ್ಡು ಬಿಡುವಿನಿಂದ ಪೂರ್ತಿ ಹೊರೆಗೆ ಜಿಗಿಯುವಾಗ ಕೆಲವು ಮೈಕ್ರೋಸೆಕೆಂಡುಗಳ ಕಾಲ ತನ್ನ ಹೇಳಿಕೆಯ ಅಂಕಿಯನ್ನು ಬಹಳಷ್ಟು ಮೀರಿ ಎಳೆಯುತ್ತದೆ. 3090 ಈ ವಿಷಯದಲ್ಲಿ ಕುಖ್ಯಾತ. ಗೋಡೆಯ ಮೀಟರಿಗೆ ಅದು ಕಾಣುವುದೇ ಇಲ್ಲ, ಪವರ್ ಸಪ್ಲೈಯ ರಕ್ಷಣಾ ಸರ್ಕ್ಯೂಟಿಗೆ ಕಾಣುತ್ತದೆ. ಅದು ಶಾರ್ಟ್ ಆಗಿದೆ ಎಂದುಕೊಂಡು ಎಲ್ಲವನ್ನೂ ಆರಿಸುತ್ತದೆ. ಹಿಂದಿನ ಸ್ವಿಚ್ಚನ್ನು ಕೆಲವು ಸೆಕೆಂಡು ಆರಿಸಿ ಹಾಕಿದರೆ ಮಾತ್ರ ಮತ್ತೆ ಏಳುತ್ತದೆ ಎಂದಾದರೆ ಇದೇ ಕಾರಣವೆಂದು ಹೆಚ್ಚುಕಡಿಮೆ ಖಚಿತ.

ಪವರ್ ಸಪ್ಲೈಗಳಿಗೆಂದು 2022ರ ಎಟಿಎಕ್ಸ್ 3.0 ಮಾನಕ ಬಂದದ್ದು ಇದಕ್ಕೆ ಉತ್ತರವಾಗಿ. ಅದರ ಪ್ರಕಾರ, 16 ಪಿನ್ ಕನೆಕ್ಟರುಳ್ಳ ದೊಡ್ಡ ಪವರ್ ಸಪ್ಲೈ ತನ್ನ ಸಾಮರ್ಥ್ಯದ ಇಮ್ಮಡಿಯನ್ನು 100 ಮೈಕ್ರೋಸೆಕೆಂಡು ತಾಳಿಕೊಳ್ಳಬೇಕು. ಹಲವು ಕಾರ್ಡುಗಳಿದ್ದಾಗ ಜಿಗಿತಗಳು ಸಾಮಾನ್ಯವಾಗಿ ಬೇರೆ ಬೇರೆ ಕ್ಷಣದಲ್ಲಿ ಬೀಳುತ್ತವೆ. ಆದರೆ ಕೃತಕ ಬುದ್ಧಿಮತ್ತೆಯ ಮಾದರಿಗಳ ತರಬೇತಿಯಂಥ ಕೆಲಸದಲ್ಲಿ ಎಲ್ಲ ಕಾರ್ಡುಗಳೂ ಒಂದಕ್ಕೊಂದು ಕಾದು, ಒಟ್ಟಿಗೆ ಹೊರಡುತ್ತವೆ. ಆಗ ಜಿಗಿತಗಳೂ ಒಟ್ಟಿಗೆ ಬೀಳುತ್ತವೆ. ಆಟವಾಡುವಾಗ ಗಟ್ಟಿಯಾಗಿ ನಿಂತ ಯಂತ್ರ ತರಬೇತಿಯಲ್ಲಿ ಕುಸಿಯುವುದು ಇದರಿಂದಲೇ ಇರಬಹುದು.

ಪವರ್ ಲಿಮಿಟ್ (ಕಾರ್ಡು ಎಳೆಯಬಹುದಾದ ವಾಟ್‌ನ ಮಿತಿ) ಇಳಿಸಿದರೆ ವೇಗ ಹಾಳಾಗುವುದಿಲ್ಲವೇ?

ನೀವು ಹೆದರಿದಷ್ಟು ಹಾಳಾಗುವುದಿಲ್ಲ. ಚಿಪ್ಪಿನ ವಿದ್ಯುತ್ ಬಳಕೆ ಗಡಿಯಾರದ ವೇಗದ ಜೊತೆಗೆ ವೋಲ್ಟೇಜಿನ ವರ್ಗದೊಂದಿಗೂ ಏರುತ್ತದೆ. ಕಟ್ಟಕಡೆಯ ಅಷ್ಟಿಷ್ಟು ವೇಗಕ್ಕೆ ಬಹಳ ವೋಲ್ಟೇಜು ಬೇಕು, ಆದ್ದರಿಂದ ಆ ತುದಿಯನ್ನು ಕತ್ತರಿಸಿದರೆ ಉಳಿತಾಯ ದೊಡ್ಡದು, ನಷ್ಟ ಚಿಕ್ಕದು. 350 ವಾಟ್‌ನ ಕಾರ್ಡನ್ನು 270ಕ್ಕೆ ಇಳಿಸುವುದು, ಹಲವು ಕಾರ್ಡುಗಳ ಯಂತ್ರದಲ್ಲಿ, ನನ್ನ ಪ್ರಕಾರ ಹೊಸ ಪವರ್ ಸಪ್ಲೈಗಿಂತ ಮೊದಲು ಮಾಡಬೇಕಾದ ಕೆಲಸ. ಎನ್‌ವಿಡಿಯಾ ಕಾರ್ಡುಗಳಿಗೆ ಡ್ರೈವರಿನ ಜೊತೆ ಬರುವ ಎನ್‌ವಿಡಿಯಾ-ಎಸ್‌ಎಮ್‌ಐ ಎಂಬ ಉಪಕರಣ ಸಾಕು. ಮರುಚಾಲನೆ ಮಾಡಿದಾಗ ಮಿತಿ ಅಳಿಸಿಹೋಗುತ್ತದೆ, ಆದ್ದರಿಂದ ಯಂತ್ರ ಏಳುವಾಗಲೇ ಅದನ್ನು ಓಡಿಸುವ ವ್ಯವಸ್ಥೆ ಮಾಡಿ.

ಒಂದು ಸೂಕ್ಷ್ಮವಿದೆ. ಪವರ್ ಲಿಮಿಟ್ ಹಿಡಿದಿಡುವುದು ಸರಾಸರಿಯನ್ನು, ಮೇಲೆ ಹೇಳಿದ ಜಿಗಿತವನ್ನಲ್ಲ. ಜಿಗಿತಕ್ಕೆ ಮದ್ದು ಗಡಿಯಾರದ ಗರಿಷ್ಠ ವೇಗಕ್ಕೆ ಬೀಗ ಹಾಕುವುದು. ಅದೇ ಉಪಕರಣದಿಂದ ಅದೂ ಸಾಧ್ಯ.

ಯಂತ್ರ ಓಡುತ್ತಲೇ ಇರುತ್ತದೆ, ಒಂದು ಕಾರ್ಡು ಮಾತ್ರ ಮಾಯವಾಗುತ್ತದೆ. ಪವರ್ ಸಪ್ಲೈ ತಪ್ಪೇ?

ಲಿನಕ್ಸಿನಲ್ಲಿ ಎನ್‌ವಿಡಿಯಾ ಡ್ರೈವರು ಇದನ್ನು ಎಕ್ಸ್‌ಐಡಿ 79 ಎಂದು ದಾಖಲಿಸುತ್ತದೆ, ಕಾರ್ಡು ಬಸ್ಸಿನಿಂದ (ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಮಾಹಿತಿಯ ದಾರಿ) ಬಿದ್ದುಹೋಯಿತು ಎಂದು ಅದರ ಅರ್ಥ. ವಿದ್ಯುತ್ ಕಾರಣವಿರಬಹುದು, ರೈಸರ್ ಕೇಬಲ್ ಇರಬಹುದು, ಅತಿಶಾಖವೂ ಇರಬಹುದು. ಬೀಳುವ ಕಾರ್ಡನ್ನು ಇನ್ನೊಂದರ ಜಾಗಕ್ಕೆ, ಕೇಬಲ್‌ಗಳನ್ನು ಇದ್ದಲ್ಲೇ ಬಿಟ್ಟು, ಬದಲಿಸಿ ನೋಡಿ. ತೊಂದರೆ ಕಾರ್ಡಿನ ಜೊತೆ ಹೋಯಿತೋ, ಹಳೆಯ ಜಾಗದಲ್ಲೇ ಉಳಿಯಿತೋ ಎಂಬುದರಿಂದ ಅರ್ಧ ಉತ್ತರ ಸಿಗುತ್ತದೆ. ಹೊರೆಯಿರುವಾಗ 12 ವೋಲ್ಟ್ ತಂತಿಯನ್ನು ಅಳೆದರೆ 11.4ಕ್ಕಿಂತ ಕೆಳಗೆ ಹೋಗಬಾರದು, ಎಟಿಎಕ್ಸ್ 3.0ಗಿಂತ ಹಿಂದಿನ ಮಾನಕ ಕೊಟ್ಟಿದ್ದ ರಿಯಾಯಿತಿ ಶೇಕಡಾ 5 ಅಷ್ಟೇ. ಏಕಮುಖ ವಿದ್ಯುತ್ತನ್ನು ಅಳೆಯುವ ಕ್ಲಾಂಪ್ ಮೀಟರಿದ್ದರೆ ಒಂದೊಂದೇ ತಂತಿಯನ್ನು ಹಿಡಿದು ನೋಡಿ. ಮೂರರಲ್ಲಿ ಒಂದು ಸೋಮಾರಿಯಾಗಿದ್ದರೆ ಆ ಪಿನ್ನು ಸಡಿಲ.

ಭಾಷಾ ಮಾದರಿ ಓಡಿಸುವಾಗ ಎರಡೂ ಕಾರ್ಡುಗಳು ಅರ್ಧ ವಿದ್ಯುತ್ತನ್ನೇ ಬಳಸುತ್ತವೆ. ಏನೋ ಕೆಟ್ಟಿದೆಯೇ?

ಏನೂ ಕೆಟ್ಟಿಲ್ಲ. ಮಾದರಿಯ ಪದರಗಳನ್ನು ಎರಡು ಕಾರ್ಡುಗಳಿಗೆ ಹಂಚಿದಾಗ ಮೊದಲನೆಯದು ತನ್ನ ಪದರಗಳನ್ನು ಮುಗಿಸಿ ಎರಡನೆಯದಕ್ಕೆ ದಾಟಿಸುತ್ತದೆ, ಎರಡನೆಯದು ದುಡಿಯುವಾಗ ಮೊದಲನೆಯದು ಕಾಯುತ್ತದೆ. ಒಬ್ಬರೇ ಬಳಸುತ್ತಿದ್ದರೆ ಇಬ್ಬರು ಕೆಲಸಗಾರರಿಗೆ ಒಂದೇ ಗುದ್ದಲಿ ಇದ್ದಂತೆ. ಪ್ರತಿ ಪದರವನ್ನೇ ಸೀಳಿ ಎಲ್ಲ ಕಾರ್ಡುಗಳಿಗೂ ಏಕಕಾಲಕ್ಕೆ ಕೊಡುವ ಟೆನ್ಸರ್ ಪ್ಯಾರಲಲ್ ವಿಧಾನಕ್ಕೆ ಬದಲಾದರೆ ಎಲ್ಲವೂ ಒಟ್ಟಿಗೆ ದುಡಿಯುತ್ತವೆ, ಮೀಟರೂ ಏರುತ್ತದೆ. ಆದ್ದರಿಂದ ಇಂದಿನ ಕಡಿಮೆ ಅಂಕಿಯನ್ನು ನೋಡಿ ಪವರ್ ಸಪ್ಲೈ ಅಳತೆ ಮಾಡಬೇಡಿ. ನಾಳೆ ತಂತ್ರಾಂಶದ ಒಂದು ಆಯ್ಕೆ ಬದಲಿಸಿದ ದಿನ ಲೆಕ್ಕ ತಪ್ಪುತ್ತದೆ.

ಯುಪಿಎಸ್ ಎಷ್ಟು ದೊಡ್ಡದಿರಬೇಕು?

ವಿಎ (ವೋಲ್ಟ್-ಆಂಪಿಯರ್) ಅಂಕಿಯನ್ನು ನಂಬಬೇಡಿ, ವಾಟ್ ನೋಡಿ. ಪವರ್ ಫ್ಯಾಕ್ಟರಿನಿಂದ ವಿಎಯನ್ನು ಗುಣಿಸಿದರೆ ವಾಟ್ ಸಿಗುತ್ತದೆ. ಪವರ್ ಫ್ಯಾಕ್ಟರ್ 0.6 ಇರುವ 1500 ವಿಎ ಯುಪಿಎಸ್ ಕೊಡುವುದು 900 ವಾಟ್. ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಅಗ್ಗದ ಯುಪಿಎಸ್‌ಗೆ ಬದಲಾಗುವ ಕ್ಷಣದಲ್ಲಿ ಇಂದಿನ ಆಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರನ್ನು ತಾನೇ ಸರಿಪಡಿಸಿಕೊಳ್ಳುವ) ಪವರ್ ಸಪ್ಲೈಗಳು ಕೆಲವೊಮ್ಮೆ ಆರಿಹೋಗುತ್ತವೆ, ಶುದ್ಧ ಸೈನ್ ಅಲೆಯದೇ ಬೇಕು. ನಾಲ್ಕು ಕಾರ್ಡುಗಳನ್ನು ಬ್ಯಾಟರಿಯಲ್ಲಿ ಗಂಟೆಗಟ್ಟಲೆ ಓಡಿಸುವ ಆಸೆ ಬಿಡಿ. ವಿದ್ಯುತ್ ಹೋದ ಕೂಡಲೇ ಕಾರ್ಡುಗಳ ಕೆಲಸ ನಿಲ್ಲಿಸಿ, ಕಡತಗಳನ್ನು ಉಳಿಸಿ, ಯಂತ್ರವನ್ನು ತಾನಾಗಿ ಮಲಗಿಸುವಂತೆ ಹೊಂದಿಸಿದರೆ ಐದು ನಿಮಿಷದ ಬ್ಯಾಟರಿ ಸಾಕು.